ವಿಸಿಟಿಂಗ್ ಕಾರ್ಡಿಗೆ ಬಣ್ಣ ಆರಿಸೋ ಮೊದಲು ಒಂದ್ಸಲ ಕಪ್ಪು ಬಿಳುಪಲ್ಲಿ ನೋಡಿ

ತುಮಕೂರಲ್ಲಿ ನನ್ನ ಹತ್ರ ಕಾರ್ಡ್ ಮಾಡಿಸೋಕೆ ಬರೋರು ಮೊದ್ಲು ಕೇಳೋದೇ "ಸಾರ್, ಯಾವ ಕಲರ್ ಎದ್ದು ಕಾಣುತ್ತೆ?" ಅಂತ. ನಾನು ತಿರುಗಿಸಿ ಕೇಳೋದು ಇದನ್ನ ಯಾರು ಓದ್ತಾರೆ, ಎಲ್ಲಿ ನಿಂತ್ಕೊಂಡು ಓದ್ತಾರೆ ಅಂತ. ಅಂತರಸನಹಳ್ಳಿ ಮಾರ್ಕೆಟ್ಟಲ್ಲಿ ಬೆಳಕು ಹರಿಯೋ ಮುಂಚೆ ಕನ್ನಡಕ ಇಲ್ದೆ ಕಣ್ಣು ಕಿರಿದು ಮಾಡ್ಕೊಂಡು ನಂಬರ್ ಒತ್ತೋ ರೈತರಿಗೆ ಕೊಡೋ ಕಾರ್ಡೇ ಬೇರೆ, ವಸಂತನರಸಾಪುರದ ಫ್ಯಾಕ್ಟರಿ ಆಫೀಸಲ್ಲಿ ಕೂತಿರೋ ಪರ್ಚೇಸ್ ಮ್ಯಾನೇಜರ್‌ಗೆ ಕೊಡೋ ಕಾರ್ಡೇ ಬೇರೆ. ಆದ್ರೆ ಇಬ್ಬರಿಗೂ ಬೇಕಾಗಿರೋದು ಹೆಸರು ಮತ್ತು ನಂಬರ್, ಅದು ಕಂಡ ತಕ್ಷಣ ಓದೋಕಾಗ್ಬೇಕು.

ಅದಕ್ಕೇ ನಾನು ಕೆಂಪಾ ನೀಲಿನಾ ಅನ್ನೋ ಮಾತನ್ನ ಎರಡನೇದಾಗಿ ಇಟ್ಕೋತೀನಿ, ಮೊದಲನೇದು ಯಾವುದು ಗಾಢ ಯಾವುದು ತಿಳಿ ಅನ್ನೋದು. ಕಡು ಕೆಂಪು ಬ್ಯಾಕ್‌ಗ್ರೌಂಡ್ ಮೇಲೆ ಕಡು ಹಸಿರು ಅಕ್ಷರ ಇಟ್ಟರೆ ಹೆಸರಿಗೆ ಎರಡು ಬೇರೆ ಬೇರೆ ಬಣ್ಣ, ಆದ್ರೆ ಎರಡರ ಗಾಢತೆ ಹೆಚ್ಚೂಕಮ್ಮಿ ಒಂದೇ, ಹಾಗಾಗಿ ಅಕ್ಷರ ನೋಡ್ತಾ ನೋಡ್ತಾ ಕಣ್ಣಿಗೆ ಕುಣಿದಂಗಾಗುತ್ತೆ, ಜೊತೆಗೆ ಕೆಂಪು ಹಸಿರು ಬೇರೆ ಮಾಡಿ ನೋಡೋಕಾಗದ ಕಣ್ಣಿನ ತೊಂದರೆ ಗಂಡಸರಲ್ಲೇ ಜಾಸ್ತಿ ಇರೋದು, ಅವರಿಗಂತೂ ಓದೋದೇ ಕಷ್ಟ. ಪರೀಕ್ಷೆ ಸುಲಭ. ಡಿಸೈನ್ ವಾಟ್ಸಾಪಲ್ಲಿ ಬಂದ ಮೇಲೆ ಗ್ಯಾಲರಿಯಲ್ಲಿ ಎಡಿಟ್‌ಗೆ ಹೋಗಿ ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ಹಾಕಿ ನೋಡಿ. ನಂಬರ್ ಮಂಕಾಯ್ತಾ, ಆ ಜೋಡಿ ಬೇಡ, ಎಷ್ಟೇ ಇಷ್ಟ ಇದ್ರೂ ಬೇಡ. ವೆಬ್‌ಸೈಟ್ ಮಾಡೋರು ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್, ಅಂದ್ರೆ ಗಾಢ ತಿಳಿ ವ್ಯತ್ಯಾಸ, ಇರಬೇಕು ಅಂತ ಇಟ್ಕೊಂಡಿದಾರೆ, ಅದು ಸ್ಕ್ರೀನಿಗೆ ಮಾಡಿದ ಅಳತೆ, ಪೇಪರ್ ಮೇಲೆ ಅದಕ್ಕಿಂತ ಜಾಸ್ತಿನೇ ಇರ್ಲಿ ಅಂತೀನಿ ನಾನು.

ತಿಪಟೂರಿಂದ ಕೊಬ್ಬರಿ ವ್ಯಾಪಾರದವರೊಬ್ಬರು ಬಂದಿದ್ರು, ಮೊಬೈಲಲ್ಲಿ ಒಂದು ಸ್ಯಾಂಪಲ್ ತೋರಿಸಿ ಇದೇ ಥರ ಬೇಕು ಅಂದ್ರು, ಪೂರ್ತಿ ಮೆರೂನ್, ಅದರ ಮೇಲೆ ಫಳಫಳ ಹೊಳೆಯೋ ಚಿನ್ನದ ಅಕ್ಷರ. ಮೊಬೈಲಲ್ಲಿ ಅದು ನಿಜವಾಗ್ಲೂ ಚೆನ್ನಾಗಿತ್ತು. ಆದ್ರೆ ಮಲ್ಟಿಕಲರ್ ಪ್ರಿಂಟಿಂಗಲ್ಲಿ ಚಿನ್ನ ಅನ್ನೋ ಇಂಕೇ ಇಲ್ಲ, ಇರೋದು ನಾಲ್ಕೇ, ಸಯಾನ್ (ಆಕಾಶನೀಲಿ ಥರದ್ದು), ಮೆಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು, ಅವುಗಳಲ್ಲೇ ಚಿನ್ನ ಮಾಡೋಕೆ ಹೋದ್ರೆ ಸಾಸಿವೆ ಬಣ್ಣ ಬಂದು ಕೂತ್ಕೊಳುತ್ತೆ. ಇನ್ನೊಂದು, ಮೆರೂನ್ ಬರೋದು ಮೆಜೆಂಟಾ, ಹಳದಿ, ಕಪ್ಪು ಒಂದರ ಮೇಲೊಂದು ಬಿದ್ದು, ಅದರೊಳಗೆ ಸಣ್ಣ ಅಕ್ಷರನ ತಿಳಿ ಬಣ್ಣದಲ್ಲಿ ಕೊರೆದು ಬಿಟ್ಟರೆ ಒಂದು ಪ್ಲೇಟ್ (ಪ್ರತಿ ಇಂಕಿಗೂ ಬೇರೆ ಬೇರೆ ಇರೋ ಅಚ್ಚಿನ ತಗಡು) ಕೂದಲೆಳೆಯಷ್ಟು ಆಚೀಚೆ ಆದ್ರೂ ಗೆರೆ ಮುಚ್ಚಿಹೋಗುತ್ತೆ. ಇಂಗ್ಲಿಷ್ ಅಕ್ಷರ ಹೇಗೋ ತಡ್ಕೊಳುತ್ತೆ, ನಮ್ಮ ಕನ್ನಡಕ್ಕೆ ಒತ್ತಕ್ಷರ ಇದೆಯಲ್ಲ, 'ಕೊಬ್ಬರಿ'ಯ ಬ ಒತ್ತು, 'ವ್ಯಾಪಾರ'ದ ಯ ಒತ್ತು, 7 ಪಾಯಿಂಟ್ ಸೈಜಲ್ಲಿ ಅದರೊಳಗಿನ ಜಾಗ ತುಂಬ್ಕೊಂಡು ಬರೀ ಚುಕ್ಕೆ ಥರ ಕಾಣುತ್ತೆ, ನಂಬರಲ್ಲಿ 8 ಯಾವುದು 6 ಯಾವುದು ಗೊತ್ತಾಗಲ್ಲ. ಅವರಿಗೆ ಅದೇ ಮೆರೂನನ್ನ ತಿರುಗಿಸಿ ಹಾಕಿದ್ವಿ. ಹಿನ್ನೆಲೆ ಕೆನೆ ಬಣ್ಣ, ಅಂಗಡಿ ಹೆಸರು ದಪ್ಪ ಮೆರೂನಲ್ಲಿ, ನಂಬರ್ ಅಚ್ಚ ಕಪ್ಪು, ತೆಂಗಿನಮರದ ಚಿತ್ರಕ್ಕೆ ಮಾತ್ರ ನಿಜವಾದ ಗೋಲ್ಡ್ ಫಾಯಿಲ್. ಫಾಯಿಲ್‌ಗೆ ಸ್ವಲ್ಪ ದುಡ್ಡು ಜಾಸ್ತಿ ಆಯ್ತು, ಆದ್ರೆ ಹೊಳಪು ಅಂದ್ರೆ ಹೊಳಪು.

ಸಣ್ಣ ಅಕ್ಷರಕ್ಕೆ ಬರೀ ಕಪ್ಪು ಪ್ಲೇಟ್ ಒಂದನ್ನೇ ಇಡಿ, ಮಿಕ್ಕ ಮೂರು ಸೊನ್ನೆ. ಅದೇ ಇಡೀ ಕಾರ್ಡ್ ಕಪ್ಪಾಗಿರ್ಬೇಕು ಅಂದ್ರೆ ಬರೀ ಕಪ್ಪು ಇಂಕು ಬೂದಿ ಥರ ಕಾಣುತ್ತೆ, ಜೊತೆಗೆ ಒಂದಿಷ್ಟು ಸಯಾನ್ ಸೇರಿಸ್ಬೇಕು.

ಜಗಳ ಜಾಸ್ತಿ ಬರೋದು ಮೊಬೈಲಲ್ಲಿ ನೋಡಿದ ಬಣ್ಣಕ್ಕೂ ಕೈಗೆ ಬಂದ ಬಣ್ಣಕ್ಕೂ. ಸ್ಕ್ರೀನ್ ಬೆಳಕು ಚೆಲ್ಲುತ್ತೆ, ಇಂಕು ಬೆಳಕನ್ನ ನುಂಗುತ್ತೆ, ಅದಕ್ಕೆ ಗಿಳಿಹಸಿರು, ಕಣ್ಣು ಕುಕ್ಕೋ ನೀಲಿ, ನಿಯಾನ್ ಗುಲಾಬಿ ಇವೆಲ್ಲ ಪೇಪರ್ ಮೇಲೆ ಮಂಕಾಗೇ ಆಗುತ್ತೆ. ನೀಲಿ ವಿಷ್ಯದಲ್ಲಿ ಇನ್ನೂ ಹುಷಾರಾಗಿರಿ, ಸಯಾನ್ 100 ಪರ್ಸೆಂಟ್ ಮೆಜೆಂಟಾ 100 ಪರ್ಸೆಂಟ್ ಇದ್ರೆ ಬರೋದು ನೀಲಿ ಅಲ್ಲ, ನೇರಳೆ, ಮೆಜೆಂಟಾ 70ಕ್ಕಿಂತ ಕೆಳಗಿದ್ರೆ ನೀಲಿ ನೀಲಿಯಾಗೇ ಉಳಿಯುತ್ತೆ. ರಾತ್ರಿ ಹೊತ್ತು ಐ ಕಂಫರ್ಟ್ ಮೋಡ್ ಆನ್ ಮಾಡ್ಕೊಂಡು ಪ್ರೂಫ್ ಓಕೆ ಮಾಡೋರಿದಾರೆ, ಆಗ ಬಿಳಿನೂ ಹಳದಿನೇ, ದಯವಿಟ್ಟು ಹಾಗ್ ಮಾಡ್ಬೇಡಿ, ಒಂದೇ ಒಂದು ಡಿಜಿಟಲ್ ಪ್ರಿಂಟ್ ತೆಗೆಸಿ ಅಂಗಡಿ ಬಾಗಿಲಿಗೆ ಬಂದು ಹಗಲು ಬೆಳಕಲ್ಲಿ ಹಿಡಿದು ನೋಡಿ, ಆಮೇಲೆ ಟ್ಯೂಬ್‌ಲೈಟ್ ಕೆಳಗೆ ನೋಡಿ.

ಬಣ್ಣಕ್ಕೆ ಅರ್ಥ ಇಲ್ವಾ ಅಂದ್ರೆ ಇದೆ, ಖಂಡಿತ ಇದೆ. ಶುಭಕಾರ್ಯಕ್ಕೆ ಸಂಬಂಧಪಟ್ಟ ಕೆಲಸದವರು, ಪುರೋಹಿತರು, ಕಲ್ಯಾಣ ಮಂಟಪದವರು, ಹೂವಿನ ಅಲಂಕಾರದವರು ಕಪ್ಪು ಬೇಡ ಅಂತಾರೆ, ಅವರ ಮನಸ್ಸಿಗೆ ವಿರುದ್ಧ ಹೋಗಬಾರದು, ಕಡು ಮೆರೂನ್ ಇಲ್ಲಾ ಕಡು ಹಸಿರಲ್ಲಿ ನಂಬರ್ ಹಾಕಿ ಅಕ್ಷರ ಒಂಚೂರು ದೊಡ್ಡದು ಮಾಡಿದ್ರೆ ಸಾಕು. ಜ್ಯೋತಿಷಿಗಳು ನಿಮ್ಮ ರಾಶಿಗೆ ಹಳದಿ ಆಗುತ್ತೆ ಅಂದಿದ್ರೆ ಹಳದಿನ ಹಿನ್ನೆಲೆಗೆ ಬಳಸಿ, ಬಿಳಿ ಮೇಲೆ ಹಳದಿ ಅಕ್ಷರ ಮಾತ್ರ ಯಾವ ಕಾಲಕ್ಕೂ ಬೇಡ. ಅರಿಶಿನ ಕುಂಕುಮ ಜೋಡಿ ಕನ್ನಡದವರ ಕಣ್ಣಿಗೆ ತಕ್ಷಣ ನಮ್ಮೋರು ಅನ್ಸುತ್ತೆ, ಆದ್ರೆ ಮೇಲೆ ಕೆಳಗೆ ಎರಡು ಪಟ್ಟಿ ಹಾಕಿದ್ರೆ ಸಂಘಟನೆ ಕಾರ್ಡ್ ಥರ ಕಾಣುತ್ತೆ, ಒಂದನ್ನ ಮುಖ್ಯ ಮಾಡಿ ಇನ್ನೊಂದನ್ನ ಗೆರೆಯಷ್ಟಕ್ಕೆ ಇಡಿ.

ಎರಡು ಕಡೆ ಕಾನೂನೇ ಅಡ್ಡ ಬರುತ್ತೆ. ಡಾಕ್ಟರು, ಮೆಡಿಕಲ್ ಸ್ಟೋರ್, ಲ್ಯಾಬ್‌ನವರು ಬಿಳಿ ಮೇಲೆ ಕೆಂಪು ಪ್ಲಸ್ ಹಾಕಿ ಅಂತ ಕೇಳ್ತಾರೆ, ಅದು ರೆಡ್ ಕ್ರಾಸ್ ಲಾಂಛನ, 1960ರ ಜಿನೀವಾ ಕನ್ವೆನ್ಷನ್ಸ್ ಕಾಯ್ದೆ ಪ್ರಕಾರ ಅನುಮತಿ ಇಲ್ದೆ ಬಳಸೋ ಹಂಗಿಲ್ಲ, ಯುದ್ಧದಲ್ಲಿ ಗಾಯಾಳುಗಳನ್ನ ನೋಡ್ಕೊಳ್ಳೋರ ಜೀವ ಕಾಯೋ ಗುರುತದು. ಸ್ಟೆತೋಸ್ಕೋಪ್ ಚಿತ್ರ ಹಾಕಿ, ನೀಲಿ ಅಥವಾ ಹಸಿರು ಬಳಸಿ. ಹಾಗೇ ವ್ಯಾಪಾರಕ್ಕೆ ರಾಷ್ಟ್ರಧ್ವಜದ ಚಿತ್ರ ಬಳಸೋಕೂ ಲಾಂಛನ, ಹೆಸರುಗಳ ದುರ್ಬಳಕೆ ತಡೆಯೋ 1950ರ ಕಾಯ್ದೆ ಬಿಡಲ್ಲ.

ಇನ್ನು ಲ್ಯಾಮಿನೇಷನ್. ಮ್ಯಾಟ್ ಹಾಕಿದ್ರೆ ಬಣ್ಣ ಒಂದು ಮಟ್ಟ ಮೆತ್ತಗಾಗುತ್ತೆ, ಗ್ಲಾಸಿ ಹಾಕಿದ್ರೆ ಎದ್ದು ಕಾಣುತ್ತೆ ಆದ್ರೆ ಬಿಸಿಲಲ್ಲಿ ಹೊಳೆದು ಓದೋಕಾಗಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲರ್ ಇವರಿಗೆ ನಾನು ಹಿಂಭಾಗ ಬಿಳಿಯಾಗಿ ಲ್ಯಾಮಿನೇಷನ್ ಇಲ್ದೆ ಬಿಡಿ ಅಂತೀನಿ, ರೇಟು, ಡೇಟು, ಅಳತೆ ಏನಾದ್ರೂ ಬಾಲ್‌ಪೆನ್ನಲ್ಲಿ ಬರ್ಕೊಡಬಹುದು, ಅಂಥ ಕಾರ್ಡನ್ನ ಜನ ಬಿಸಾಡಲ್ಲ.

ಎರಡನೇ ಸಲ ಮಾಡಿಸ್ವಾಗ ಬಣ್ಣ ಬೇರೆ ಬಂತು ಅನ್ನೋ ದೂರು ಇದ್ದೇ ಇರುತ್ತೆ. ನಮ್ಮ ಕಡೆ ಕಡಿಮೆ ರೇಟಿನ ಕಾರ್ಡ್‌ಗಳೆಲ್ಲ ದೊಡ್ಡ ಪ್ರೆಸ್ಸಲ್ಲಿ ಹತ್ತಾರು ಜನರ ಕಾರ್ಡ್ ಜೊತೆ ಒಂದೇ ಶೀಟಲ್ಲಿ ಓಡೋದು, ನಿಮ್ಮ ಪಕ್ಕದ ಕಾರ್ಡ್ ಪೂರ್ತಿ ಕೆಂಪಿದ್ರೆ ಮಷಿನ್‌ನವರು ಅದಕ್ಕೆ ತಕ್ಕಂಗೆ ಇಂಕು ಬಿಡ್ತಾರೆ, ನಿಮ್ಮದೂ ಸ್ವಲ್ಪ ಕೆಂಪಗಾಗುತ್ತೆ. ಅದಕ್ಕೆ ಮೊದಲನೇ ಸಲ ಚೆನ್ನಾಗಿ ಬಂದ ಕಾರ್ಡ್‌ಗಳಲ್ಲಿ ನಾಲ್ಕೈದನ್ನ ಬಿಸಿಲು ತಾಗದಂಗೆ ಕವರಲ್ಲಿ ಎತ್ತಿಡಿ, ಡಿಸೈನರ್ ಹತ್ರ ನಾಲ್ಕೂ ಇಂಕಿನ ಪರ್ಸೆಂಟ್ ಆ ಕವರ್ ಮೇಲೇ ಬರೆಸ್ಕೊಳ್ಳಿ, ಮುಂದಿನ ಆರ್ಡರ್ ಕೊಡ್ವಾಗ ವಾಟ್ಸಾಪ್ ಫೋಟೋ ಕಳಿಸೋ ಬದಲು ಆ ಕಾರ್ಡನ್ನೇ ಪ್ರೆಸ್ಸಿನವರ ಕೈಗೆ ಕೊಡಿ.