ಕಾಸರಗೋಡು ಸೀರೆಯ ಚೌಕುಳಿ ಆನ್‌ಲೈನ್ ಅಂಗಡಿಯಲ್ಲಿ ಕೆಡುವುದೇಕೆ?

ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒತ್ತಾದ ಸಣ್ಣ ಚೌಕುಳಿ ಮತ್ತು ಗೆರೆಗಳೇ ಅದರ ಅಂದ. ಆನ್‌ಲೈನ್ ಅಂಗಡಿಗೆ ಏರಿಸಿದಾಗ ಮೊದಲು ಹಾಳಾಗುವುದೂ ಅವೇ. ಮೂಲ ಫೋಟೋದಲ್ಲಿ ಗೆರೆಗಳು ನೆಟ್ಟಗಿರುತ್ತವೆ. ಕುಗ್ಗಿಸಿದ ಚಿತ್ರದಲ್ಲಿ ಮಾತ್ರ ಬಟ್ಟೆಯಲ್ಲೇ ಇಲ್ಲದ ಅಲೆಯಂಥ ಪಟ್ಟಿಗಳು ಎದ್ದು ಕಾಣುತ್ತವೆ. ಇದಕ್ಕೆ ಮೊಯಿರೆ ಎನ್ನುತ್ತಾರೆ. ನೋಡಿದ ಗಿರಾಕಿ ಅದನ್ನು ನೇಯ್ಗೆಯ ದೋಷ ಎಂದುಕೊಂಡರೆ ಆ ನಷ್ಟ ನೇಕಾರರದು.

ಲೆಕ್ಕ ಹಾಕಿ ನೋಡೋಣ. 4000×3000 ಪಿಕ್ಸೆಲ್ ಫೋಟೋವನ್ನು 3000 ಬದಿಯ ಚೌಕವಾಗಿ ಕತ್ತರಿಸಿದ್ದೀರಿ, ಅದರಲ್ಲಿ 120 ಸೆಂಟಿಮೀಟರ್ ಬಟ್ಟೆ ಕಾಣುತ್ತಿದೆ ಎನ್ನಿ. ಆಗ ಒಂದು ಮಿಲಿಮೀಟರಿಗೆ 2.5 ಪಿಕ್ಸೆಲ್. 2 ಮಿಲಿಮೀಟರಿಗೊಮ್ಮೆ ಮರುಕಳಿಸುವ ಗೆರೆಗೆ 5 ಪಿಕ್ಸೆಲ್ ಸಿಗುತ್ತದೆ. ಇದನ್ನು 600ಕ್ಕೆ ಇಳಿಸಿದರೆ ಅದೇ ಗೆರೆಗೆ ಉಳಿಯುವುದು ಒಂದೇ ಪಿಕ್ಸೆಲ್. ಮರುಕಳಿಸುವ ವಿನ್ಯಾಸವನ್ನು ತೋರಿಸಲು ಪ್ರತಿ ಆವರ್ತಕ್ಕೆ ಎರಡಕ್ಕಿಂತ ಹೆಚ್ಚು ಪಿಕ್ಸೆಲ್ ಬೇಕು. ಇದು ನೈಕ್ವಿಸ್ಟ್ ಮಿತಿ, ಯಾವ ತಂತ್ರಾಂಶಕ್ಕೂ ದಾಟಲಾಗದು.

ಮಿತಿ ಮೀರಿದಾಗ ಏನಾಗುತ್ತದೆ ಎಂಬುದು ಕುಗ್ಗಿಸುವ ವಿಧಾನದ ಮೇಲಿದೆ. ಐದರಲ್ಲಿ ಒಂದು ಪಿಕ್ಸೆಲ್ ಹೆಕ್ಕಿ ಉಳಿದವನ್ನು ಬಿಸಾಡುವ 'ನಿಯರೆಸ್ಟ್ ನೇಬರ್' ವಿಧಾನ ಇಲ್ಲಿ ಕೆಟ್ಟದ್ದು. ಗೆರೆಯ ಅಂತರ 5ರ ಬದಲು 5.1 ಪಿಕ್ಸೆಲ್ ಇದ್ದರೆ ಪ್ರತಿ ಸಲ ಹೆಕ್ಕುವಾಗ ಜಾಗ ಚೂರುಚೂರೇ ಸರಿಯುತ್ತಾ ಹೋಗಿ, ಒಂದು ಸುತ್ತು ಮುಗಿಯಲು ಕುಗ್ಗಿದ ಚಿತ್ರದ 51 ಪಿಕ್ಸೆಲ್ ಬೇಕಾಗುತ್ತದೆ. ಅಂದರೆ 2 ಮಿಲಿಮೀಟರಿನ ಗೆರೆ ಸುಮಾರು 10 ಸೆಂಟಿಮೀಟರಿನ ಸುಳ್ಳು ಪಟ್ಟಿಯಾಗುತ್ತದೆ! ಬಟ್ಟೆಯ ಮಡಿಕೆ ಬಾಗಿದಲ್ಲೆಲ್ಲ ಆ ಪಟ್ಟಿಯೂ ಬಾಗುತ್ತದೆ. ಸುತ್ತಲ ಪಿಕ್ಸೆಲ್‌ಗಳ ಸರಾಸರಿ ತೆಗೆಯುವ ಲ್ಯಾಂಕ್ಸೋಸ್ ಅಥವಾ 'ಏರಿಯಾ' ವಿಧಾನ ಆರಿಸಿದರೆ ಚೌಕುಳಿ ಮಾಯವಾಗಿ ಒಂದೇ ಬಣ್ಣವಾಗಿ ಕಾಣಬಹುದು, ಆದರೆ ಇಲ್ಲದ್ದು ಹುಟ್ಟುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಆ ಸರಾಸರಿಯಲ್ಲೂ ಒಂದು ಸೂಕ್ಷ್ಮ ಇದೆ. ಫೈಲಿನಲ್ಲಿರುವ 0ರಿಂದ 255ರ ಅಂಕಿಗಳು ಬೆಳಕಿನ ನೇರ ಅಳತೆಯಲ್ಲ. ಕಪ್ಪು ಗೆರೆ 0, ಬಿಳಿ ಗೆರೆ 255, ಎರಡೂ ಸಮಸಮ ಇದ್ದರೆ ನಿಜವಾದ ಅರ್ಧ ಬೆಳಕಿನ ಅಂಕಿ 188. ಅಂಕಿಗಳನ್ನೇ ಕೂಡಿಸಿ ಭಾಗಿಸುವ ತಂತ್ರಾಂಶ 127 ಅಥವಾ 128 ಕೊಡುತ್ತದೆ, ಸೀರೆ ಕಪ್ಪಿಡುತ್ತದೆ. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಂತ್ರಾಂಶದಲ್ಲಿ ಮೊದಲು ಬೆಳಕನ್ನು ನೇರವಾಗಿ ಅಳೆಯುವ ಲೀನಿಯರ್ ಆರ್‌ಜಿಬಿಗೆ ಬದಲಿಸಿ, ಕುಗ್ಗಿಸಿ, ಮತ್ತೆ ವೆಬ್‌ನ ಸಾಮಾನ್ಯ ಬಣ್ಣದ ಕ್ರಮವಾದ ಎಸ್‌ಆರ್‌ಜಿಬಿಗೆ ತಂದರೆ ಈ ತೊಂದರೆ ಇರದು.

ಕೆಲಸದ ಕ್ರಮ ಹೀಗಿರಲಿ: ಕತ್ತರಿಸುವುದು, ಬಣ್ಣವನ್ನು ಎಸ್‌ಆರ್‌ಜಿಬಿಗೆ ತರುವುದು, ಕುಗ್ಗಿಸುವುದು, ತುಸು ಚೂಪುಗೊಳಿಸುವುದು, ಉಳಿಸುವುದು. ಚೂಪು ಹೆಚ್ಚಾದರೆ ಬಿಳಿ ಹಿನ್ನೆಲೆಯಲ್ಲಿಟ್ಟ ಬಟ್ಟೆಯ ಅಂಚಿಗೂ ಒಂದು ತೆಳು ಗೆರೆ ಹುಟ್ಟುತ್ತದೆ. ಪ್ರತಿ ಅಳತೆಯನ್ನೂ ಮೂಲ ಫೈಲಿನಿಂದಲೇ ಮಾಡಬೇಕು, ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಬಾರದು. ನೇಕಾರರ ಮನೆಯಿಂದ ವಾಟ್ಸ್ಆ್ಯಪ್‌ನಲ್ಲಿ ಬರುವ ಚಿತ್ರವನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ದಾರಿಯಲ್ಲೇ ಕುಗ್ಗಿರುತ್ತದೆ.

ಫೈಲಿನೊಳಗಿನ ಮಾಹಿತಿಯಲ್ಲಿ ಫೋಟೋ ತೆಗೆದ ಮನೆಯ ಜಿಪಿಎಸ್ ಜಾಗವೂ ಇರಬಹುದು, ಅದನ್ನು ತೆಗೆಯಲೇಬೇಕು. ಆದರೆ ಅದರ ಜೊತೆಗೆ, ಅಂಕಿಗಳನ್ನು ಯಾವ ಬಣ್ಣವಾಗಿ ಓದಬೇಕೆಂದು ಹೇಳುವ ಬಣ್ಣದ ಪ್ರೊಫೈಲೂ ಚಿತ್ರವನ್ನು ತಿರುಗಿಸುವ ಸೂಚನೆಯೂ ಅಳಿಯಬಹುದು. ಮೊದಲೇ ಎಸ್‌ಆರ್‌ಜಿಬಿಗೆ ತರದಿದ್ದರೆ ಕೆಂಪು ಮಂಕಾಗುತ್ತದೆ, ಮೊದಲೇ ತಿರುಗಿಸದಿದ್ದರೆ ಸೀರೆ ಅಡ್ಡ ಮಲಗುತ್ತದೆ.

ಅಳತೆಯ ವಿಷಯ ಸರಳ. ಪುಟದಲ್ಲಿ 180 ಪಿಕ್ಸೆಲ್ ಅಗಲದ ಜಾಗ, ಫೋನಿನ ಪರದೆ ಮೂರು ಪಟ್ಟು ಸಾಂದ್ರ ಇದ್ದರೆ 540 ಸಾಕು, 600 ಇಡಿ. ದೊಡ್ಡದು ಮಾಡಿ ನೋಡಲು 1600ರಿಂದ 2000. ಜೆಪೆಗ್ ಗುಣಮಟ್ಟ 80ರ ಆಸುಪಾಸು. ಇಲ್ಲಿ ಗಮನಿಸಬೇಕಾದ್ದು ಬಣ್ಣದ ವಿವರ: ಸಾಮಾನ್ಯ 4:2:0 ಕ್ರಮದಲ್ಲಿ ಬಣ್ಣವು ಉದ್ದಕ್ಕೂ ಅಗಲಕ್ಕೂ ಅರ್ಧಕ್ಕೆ ಇಳಿದು, ಹಸಿರು ನೆಲದ ಸಪೂರ ಕೆಂಪು ಗೆರೆ ಕದಡುತ್ತದೆ. ಅಂಥ ಸೀರೆಗೆ ಬಣ್ಣದ ವಿವರವನ್ನು ಇಳಿಸದ 4:4:4 ಆರಿಸಿ. ಫೈಲ್ ಚಿಕ್ಕದಾಗಿಸಲು ಗುಣ ಬಿಟ್ಟುಕೊಡುವ ಬಗೆಯ ವೆಬ್‌ಪಿ ಎಂಬ ಚಿತ್ರ ಫೈಲಿನಲ್ಲಿ ಈ ಆಯ್ಕೆಯೇ ಇಲ್ಲ.

ಇಷ್ಟಾದರೂ 600 ಪಿಕ್ಸೆಲ್ಲಿನಲ್ಲಿ 2 ಮಿಲಿಮೀಟರಿನ ಚೌಕುಳಿ ಕಾಣದು. ಅದಕ್ಕೆ ಎರಡನೆಯ ಚಿತ್ರ ಬೇಕೇ ಬೇಕು. ಪಕ್ಕದಲ್ಲಿ ಸ್ಕೇಲ್ ಇಟ್ಟು 15 ಸೆಂಟಿಮೀಟರಿನ ತುಂಡನ್ನಷ್ಟೇ ಹತ್ತಿರದಿಂದ ತೆಗೆದು 1200ಕ್ಕೆ ಇಳಿಸಿದರೆ, ಮಿಲಿಮೀಟರಿಗೆ 8 ಪಿಕ್ಸೆಲ್‌ನಂತೆ ಪ್ರತಿ ಗೆರೆಗೆ 16 ಸಿಗುತ್ತದೆ.