‘ಕೋಡ್ ವರ್ಕ್ ಆಗ್ತಿಲ್ಲ, ಅರ್ಜೆಂಟ್!’

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ತಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟಾದರೂ ಗುರುತು ಹಿಡಿಯುತ್ತಾರೆ ಎಂದು ತಟ್ಟಿದವರು ನಂಬಿದ್ದರು. 120 ಹಾಡುಗಳಲ್ಲಿ ಕೇಳುಗರಿಗೆ ಸಿಕ್ಕಿದ್ದು ಬರೀ 3. ತಟ್ಟುವವರ ತಲೆಯೊಳಗೆ ಇಡೀ ಹಾಡು ಮೊಳಗುತ್ತಿರುತ್ತದೆ. ಎದುರಿನವರಿಗೆ ಕೇಳುವುದು ಟಕ್ ಟಕ್ ಅಷ್ಟೇ.

ಪ್ರೋಗ್ರಾಮಿಂಗ್ ಕಲಿಯುವವರು ಆನ್‌ಲೈನ್ ವೇದಿಕೆಗಳಲ್ಲಿ ಹಾಕುವ ‘ಸರ್, ಕೋಡ್ ವರ್ಕ್ ಆಗ್ತಿಲ್ಲ, ಅರ್ಜೆಂಟ್’ ಎಂಬ ಪ್ರಶ್ನೆಯೂ ಇಂಥದೇ. ಕೇಳಿದವರ ಕಣ್ಣೆದುರು ಪ್ರೋಗ್ರಾಂ ಇದೆ, ಎರರ್ ಇದೆ, ಬೆಳಗಿನಿಂದ ತಡಕಾಡಿದ್ದೆಲ್ಲ ನೆನಪಿದೆ. ಓದುವವರ ಹತ್ತಿರ ಇವು ಯಾವುವೂ ಇಲ್ಲ. ಹಾಗಾಗಿ ‘ದಯವಿಟ್ಟು’ ಎಂದು ನಾಲ್ಕು ಸಲ ಬರೆಯುವುದಕ್ಕಿಂತ, ಏನು ಓಡಿಸಿದಿರಿ, ಏನು ಬರಬೇಕಿತ್ತು, ಏನು ಬಂತು ಎಂದು ಬರೆಯುವುದೇ ಹೆಚ್ಚಿನ ಮರ್ಯಾದೆ. ಎರರ್ ಮೆಸೇಜನ್ನು ಇದ್ದದ್ದು ಇದ್ದ ಹಾಗೇ ಅಂಟಿಸಿ. ಕೋಡಿನ ಫೋಟೊ ಮಾತ್ರ ಬೇಡ. ಅದನ್ನು ಯಾರೂ ಓಡಿಸಿ ನೋಡಲಾರರು.

ಇನ್ನೊಂದು ತೊಡಕು ಸ್ವಲ್ಪ ಸೂಕ್ಷ್ಮ. ‘ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರ ಮಾತ್ರ ಪಡೆಯುವುದು ಹೇಗೆ?’ ಎಂದು ಯಾರೋ ಕೇಳುತ್ತಾರೆ. ಒಂದೇ ಸಾಲಿನ ಉತ್ತರವೂ ಸಿಗುತ್ತದೆ. ಆದರೆ ಅವರಿಗೆ ಬೇಕಿದ್ದದ್ದು ಫೈಲ್ ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಕೊನೆಯ ಚುಕ್ಕಿಯ ನಂತರ ಬರುವ ಭಾಗ. ‘ಜೆಪಿಜಿ’ ಇದ್ದರೆ ಸರಿ. ‘ಜೆಪಿಇಜಿ’ ಬಂದರೆ ‘ಪಿಇಜಿ’ ಮಾತ್ರ ಸಿಗುತ್ತದೆ, ಪೈಥಾನ್ ಫೈಲಿನ ‘ಪಿವೈ’ ಜೊತೆಗೆ ಚುಕ್ಕಿಯೂ ಅಂಟಿಕೊಂಡು ಬರುತ್ತದೆ. ಪ್ರೋಗ್ರಾಮರ್‌ಗಳು ಇದನ್ನು ಎಕ್ಸ್‌ವೈ ಪ್ರಾಬ್ಲಂ ಎನ್ನುತ್ತಾರೆ: ಕಷ್ಟ ಒಂದು, ಕೇಳುವುದು ತಾವೇ ಊಹಿಸಿಕೊಂಡ ಪರಿಹಾರದ ಬಗ್ಗೆ. ‘ಯಾಕೆ ಬೇಕು?’ ಎಂದು ಯಾರಾದರೂ ಕೆದಕಿದರೆ ಸಿಡುಕಬೇಡಿ.

ಕೇಳುವ ಮುಂಚೆ ಇನ್ನೂರು ಸಾಲಿನ ಕೋಡನ್ನು, ತಪ್ಪು ಉಳಿಯುವ ಹಾಗೆ, ಹತ್ತು ಸಾಲಿಗೆ ಇಳಿಸಿ ನೋಡಿ. ಎಷ್ಟೋ ಸಲ ಇಳಿಸುವಾಗಲೇ ತಪ್ಪು ಕೈಗೆ ಸಿಕ್ಕಿಬಿಡುತ್ತದೆ. 1989ರಲ್ಲಿ ಮಿಶೆಲಿನ್ ಚೀ ಮತ್ತು ಸಂಗಡಿಗರು ಭೌತಶಾಸ್ತ್ರದ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಬಿಡಿಸಿಟ್ಟ ಲೆಕ್ಕದ ಒಂದೊಂದು ಹೆಜ್ಜೆಯನ್ನೂ ತಮಗೆ ತಾವೇ ವಿವರಿಸಿಕೊಂಡವರು ಮುಂದಿನ ಲೆಕ್ಕಗಳನ್ನು ಹೆಚ್ಚು ಚೆನ್ನಾಗಿ ಬಿಡಿಸಿದ್ದರು. ಪ್ರಶ್ನೆಯನ್ನು ಅಚ್ಚುಕಟ್ಟಾಗಿ ಬರೆಯುವುದೂ ಅದೇ ಜಾತಿಯ ಕೆಲಸ.

ಉತ್ತರಿಸುವವರೂ ಮೇಜು ತಟ್ಟುತ್ತಾರೆ, ಅವರಿಗೆ ಅದು ಗೊತ್ತಾಗುವುದು ಇನ್ನೂ ಕಷ್ಟ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಯಾಕೆ ಬಂತು ಎಂದು ಹೊಸಬರು ಕೇಳಿದಾಗ ‘ಫ್ಲೋಟಿಂಗ್ ಪಾಯಿಂಟ್, ಓದ್ಕೊಳ್ಳಿ’ ಎಂಬುದು ಸುಳ್ಳಲ್ಲ, ಉಪಯೋಗವೂ ಇಲ್ಲ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ 0.333 ಎಂದು ಬರೆಯುತ್ತಾ ಹೋದರೆ ಮುಗಿಯುವುದಿಲ್ಲವಲ್ಲ, ಕಂಪ್ಯೂಟರ್ ಬಳಸುವ, 0 ಮತ್ತು 1 ಮಾತ್ರ ಇರುವ ಬೈನರಿಯಲ್ಲಿ 0.1ರ ಪಾಡೂ ಅದೇ. ಕಂಪ್ಯೂಟರ್ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಇಷ್ಟು ಹೇಳಲು ಎರಡು ಸಾಲು ಸಾಕು. ಕೊಡುವ ಕೋಡನ್ನು ಒಮ್ಮೆ ಓಡಿಸಿ ನೋಡಿಯೇ ಕೊಡಿ, ಎಐ ಬರೆದುಕೊಟ್ಟದ್ದಾದರೆ ಖಂಡಿತ.

ಇವೆಲ್ಲಕ್ಕಿಂತ ನನಗೆ ರೇಗುವುದು ‘ಸರಿಹೋಯ್ತು, ಥ್ಯಾಂಕ್ಸ್’ ಎಂದಷ್ಟೇ ಬರೆದು ಮಾಯವಾಗುವವರನ್ನು ಕಂಡಾಗ. ಎರಡು ವರ್ಷದ ನಂತರ ಅದೇ ಎರರ್ ಹುಡುಕಿಕೊಂಡು ಅಲ್ಲಿಗೇ ಬಂದವರು ಕೇಳುವುದು ಒಂದೇ: ಹೇಗೆ ಸರಿಹೋಯ್ತು ಮಾರಾಯ್ರೆ?