ಮಿಸ್ಸಿಂಗ್: ಎರಡು ಪ್ಲಗ್ ಎಂಜಿನ್‌ನಲ್ಲಿ ತಪ್ಪಿಹೋಗುವ ಕಿಡಿ

"ಸಾರ್, ಗಾಡಿ ಮಿಸ್ಸಿಂಗ್ ಹೊಡೀತಿದೆ." ಗ್ಯಾರೇಜಿನಲ್ಲಿ ದಿನಾ ಕೇಳುವ ಮಾತು. ಸಿಲಿಂಡರಿನೊಳಗೆ ಪೆಟ್ರೋಲು, ಗಾಳಿ ಎರಡೂ ಬಂದಿವೆ. ಪಿಸ್ಟನ್ ಅವನ್ನು ಒತ್ತಿಯೂ ಆಗಿದೆ. ಆದರೆ ಹೊತ್ತಿಕೊಳ್ಳಬೇಕಾದ ಗಳಿಗೆಯಲ್ಲಿ ಹೊತ್ತಿಕೊಳ್ಳಲಿಲ್ಲ. ಆ ಒಂದು ಏಟು ಖಾಲಿ ಹೋಯಿತು. ಅದೇ ಮಿಸ್ಸಿಂಗ್. ಪುಸ್ತಕದಲ್ಲಿ ಮಿಸ್‌ಫೈರ್ ಅಂತ ಬರೆಯುತ್ತಾರೆ. ಸೈಲೆನ್ಸರಿನಲ್ಲಿ ಢಬ್ ಅನ್ನುವ ಬ್ಯಾಕ್‌ಫೈರ್ ಬೇರೆ. ಅಲ್ಲಿ ಬೆಂಕಿ ಹತ್ತಿರುತ್ತದೆ, ಜಾಗ ಮಾತ್ರ ತಪ್ಪು. ಮಿಸ್ಸಿಂಗ್‌ನಲ್ಲಿ ಉರಿಯದೆ ಹೊರಬಿದ್ದ ಪೆಟ್ರೋಲೇ ಎಷ್ಟೋ ಸಲ ಆ ಢಬ್ ಸದ್ದಿಗೆ ಕಾರಣ.

ಕಿಡಿ ಹಾರಿಸುವ ಪ್ಲಗ್ ಸಿಲಿಂಡರಿಗೆ ಒಂದೇ ಇದ್ದರೆ ಲೆಕ್ಕ ಸುಲಭ. ಕಿಡಿ ಇಲ್ಲ ಅಂದರೆ ಬೆಂಕಿ ಇಲ್ಲ. ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ ಇರುವ ರೇಸ್ ಕಾರಿನಲ್ಲಿ ಹಾಗಲ್ಲ. ಒಂದು ಪ್ಲಗ್ ಕೈಕೊಟ್ಟರೂ ಇನ್ನೊಂದು ಬೆಂಕಿ ಹಚ್ಚುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ. ತೊಂದರೆ ಇರುವುದೇ ಇಲ್ಲಿ: ಸತ್ತ ಕಿಡಿಯನ್ನು ಬದುಕಿರುವ ಕಿಡಿ ಮುಚ್ಚಿಹಾಕುತ್ತದೆ.

ಎರಡು ಪ್ಲಗ್ ಯಾಕೆ ಬೇಕು? 1973ರ ಪೋರ್ಶೆ 911 ಕರೇರಾ ಆರ್‌ಎಸ್‌ಆರ್ ನೋಡಿ. ಆ ವರ್ಷ ಡೇಟೋನಾದ 24 ಗಂಟೆ ರೇಸನ್ನೂ ಸಿಸಿಲಿಯ ಟಾರ್ಗಾ ಫ್ಲೋರಿಯೊವನ್ನೂ ಗೆದ್ದ ಕಾರು ಅದು. ಆರು ಸಿಲಿಂಡರಿನ 2.8 ಲೀಟರ್ ಎಂಜಿನ್, ಒಂದೊಂದು ಸಿಲಿಂಡರಿನ ಅಗಲ 92 ಮಿಲಿಮೀಟರ್. ಕಂಪ್ರೆಷನ್ ಹೆಚ್ಚಿಸಲು ಪಿಸ್ಟನ್ ತಲೆಯನ್ನು ಗುಡ್ಡದ ಹಾಗೆ ಉಬ್ಬಿಸಿರುತ್ತಾರೆ. ಒಂದು ಪಕ್ಕದಲ್ಲಿ ಹತ್ತಿದ ಬೆಂಕಿ ಆ ಗುಡ್ಡ ದಾಟಿ ಇನ್ನೊಂದು ಪಕ್ಕ ತಲುಪಲು ಹೊತ್ತು ಬೇಕು. ಆದರೆ ಹೊತ್ತೇ ಇಲ್ಲ. 7200 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 7200 ಸುತ್ತಿನಲ್ಲಿ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಒಂದು ಸುತ್ತು ಮುಗಿಸುವುದು ಸೆಕೆಂಡಿನ 120ನೇ ಒಂದು ಭಾಗದಲ್ಲಿ. ಹಾಗಾಗಿ ಎರಡು ಕಡೆಯಿಂದಲೂ ಬೆಂಕಿ ಹಚ್ಚುತ್ತಾರೆ, ಎರಡು ಜ್ವಾಲೆಗಳೂ ನಡುವೆ ಸೇರುತ್ತವೆ. ಬೇಗ ಉರಿಯುವುದರಿಂದ ಕಿಡಿಯನ್ನು ಅಷ್ಟು ಮುಂಚೆ ಕೊಡಬೇಕಾಗಿಲ್ಲ. ನಾಕಿಂಗ್, ಅಂದರೆ ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಬಡಿಯುವ ಭಯವೂ ಕಡಿಮೆ. ನಮ್ಮ ರಸ್ತೆಗಳಲ್ಲಿ ಇದೇ ಉಪಾಯ ಬಜಾಜ್ ಪಲ್ಸರ್‌ಗೆ 2003ರಲ್ಲಿ ಬಂತು. ಡಿಟಿಎಸ್-ಐ ಹೆಸರಿನ 'ಟಿಎಸ್' ಅಂದರೆ ಟ್ವಿನ್ ಸ್ಪಾರ್ಕ್, ಎರಡು ಕಿಡಿ ಅಂತಲೇ.

ಒಂದು ಪ್ಲಗ್ ಸುಮ್ಮನಾದರೆ ಬೆಂಕಿ ಒಂದೇ ಕಡೆಯಿಂದ ಹರಡಬೇಕು. ಎರಡಕ್ಕೆಂದು ಹೊಂದಿಸಿದ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಆಗ ತಡವಾಗಿಬಿಡುತ್ತದೆ. ಶಕ್ತಿ ಸ್ವಲ್ಪ ಇಳಿಯುತ್ತದೆ, ಎಕ್ಸಾಸ್ಟ್ ಬಿಸಿ ಏರುತ್ತದೆ. ಡ್ರೈವರ್ ಬಂದು "ಯಾಕೋ ಎಳೀತಿಲ್ಲ" ಅನ್ನುತ್ತಾನೆ, ಅಷ್ಟೇ. ಸಾಮಾನ್ಯ ಎಂಜಿನ್‌ನಲ್ಲಿ ಯಾವ ಎಕ್ಸಾಸ್ಟ್ ಪೈಪ್ ತಣ್ಣಗಿದೆ ಎಂದು ನೋಡಿ ಸತ್ತ ಸಿಲಿಂಡರ್ ಹಿಡಿಯಬಹುದು. ಇಲ್ಲಿ ಯಾವ ಪೈಪೂ ತಣ್ಣಗಿರುವುದಿಲ್ಲ.

ಅದಕ್ಕೇ ಪ್ರತಿ ಸಿಲಿಂಡರಿನಿಂದ ಒಂದೊಂದು ಪ್ಲಗ್ ಸೇರಿದ ಎರಡು ಸಾಲುಗಳನ್ನೂ ಬೇರೆಬೇರೆಯಾಗಿ ಓಡಿಸಿ ನೋಡಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಸಣ್ಣ ವಿಮಾನದ ಪೈಲಟ್‌ಗಳಿಗೆ ಇದು ಹೊಸದೇನಲ್ಲ. ಟೇಕಾಫ್‌ಗೆ ಮುಂಚೆ ಒಂದೊಂದೇ ಮ್ಯಾಗ್ನೆಟೊ (ಒಂದು ಸಾಲಿನ ಪ್ಲಗ್‌ಗಳಿಗೆ ಕರೆಂಟು ಕೊಡುವ ಸಾಧನ) ಆಫ್ ಮಾಡಿ ಆರ್‌ಪಿಎಂ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಸ್ವಲ್ಪ ಇಳಿದರೆ ಸರಿ. ಜಾಸ್ತಿ ಇಳಿದರೆ ಅಥವಾ ಎಂಜಿನ್ ನಡುಗಿದರೆ ಉಳಿದ ಸಾಲಿನಲ್ಲಿ ತೊಂದರೆ ಇದೆ. ಏನೂ ಇಳಿಯದಿದ್ದರೂ ಅನುಮಾನಪಡಬೇಕು, ಸ್ವಿಚ್ ಆಫ್ ಮಾಡಿದ್ದು ನಿಜವಾಗಿ ಆಫ್ ಆಗಿಲ್ಲದಿರಬಹುದು. ರೇಸ್ ಕಾರಿನಲ್ಲಿ ಎರಡು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ), ಅವನ್ನು ನಡೆಸುವ ಎರಡು ಇಗ್ನಿಷನ್ ಬಾಕ್ಸ್ ಇದ್ದರೆ ಒಂದು ಬಾಕ್ಸಿನ ಕರೆಂಟ್ ಕಡಿದು ಇದನ್ನೇ ಮಾಡಬಹುದು. ಓಡುತ್ತಿರುವ ಎಂಜಿನ್‌ನಿಂದ ಪ್ಲಗ್ ವೈರನ್ನು ಮಾತ್ರ ಕೈಯಿಂದ ಎಳೆಯಬೇಡಿ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಯಾವ ಸಾಲು ಅಂತ ಗೊತ್ತಾದ ಮೇಲೆ ಆರ್‌ಪಿಎಂ ಮೀಟರಿನ ಮುಳ್ಳು ನೋಡಿ. ಮಿಸ್ಸಿಂಗ್ ಆದಾಗ ಮುಳ್ಳೂ ಕುಣಿದರೆ ತಪ್ಪು ಕಾಯಿಲ್‌ಗಿಂತ ಮುಂಚೆ ಇರುವ ಸಾಧ್ಯತೆ ಹೆಚ್ಚು: ಪಿಕಪ್ (ಕಿಡಿಯ ಹೊತ್ತು ತಿಳಿಸುವ ಸೆನ್ಸರ್), ಕನೆಕ್ಟರ್, ಅರ್ತ್ ವೈರ್. ಮುಳ್ಳು ಸ್ಥಿರವಾಗಿದ್ದರೆ ಕಾಯಿಲ್‌ನಿಂದ ಪ್ಲಗ್‌ವರೆಗಿನ ದಾರಿ ಹುಡುಕಿ. ಆದರೆ ಮೀಟರಿಗೆ ಸಿಗ್ನಲ್ ಸಿಗುವುದು ಸಾಮಾನ್ಯವಾಗಿ ಒಂದೇ ಸಾಲಿನಿಂದ. ಇನ್ನೊಂದು ಸಾಲು ಸತ್ತೇ ಹೋಗಿದ್ದರೂ ಮುಳ್ಳು ಅಲುಗಾಡುವುದಿಲ್ಲ. ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಒಂದೊಂದು ವೈರಿಗೂ ಹಾಕಿ ನೋಡುವುದು ಇದಕ್ಕಿಂತ ನಂಬಿಕೆಯ ದಾರಿ. ಮಿಂಚು ತಪ್ಪಿತಪ್ಪಿ ಬಂದರೆ ಕಣ್ಣಿಗೇ ಕಾಣುತ್ತದೆ.

ಶೆಡ್ಡಿನಲ್ಲಿ ಚೆನ್ನಾಗಿ ಓಡಿದ ಎಂಜಿನ್ ಟ್ರ್ಯಾಕಿಗೆ ಹೋದ ಕೂಡಲೇ ಕೆಮ್ಮುವುದು ಯಾಕೆ? ಸಿಲಿಂಡರಿನ ಒತ್ತಡ ಹೆಚ್ಚಿದಷ್ಟೂ ಪ್ಲಗ್ ಸಂದಿಯನ್ನು ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಐಡಲ್‌ನಲ್ಲಿ ಸಾಲುವ ಕಿಡಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸಾಲುವುದಿಲ್ಲ. ಆಗ ಅದು ಸುಲಭದ ದಾರಿ ಹುಡುಕುತ್ತದೆ: ವೈರಿನ ಬಿರುಕು, ಸರದಿಯಂತೆ ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗಿನ ಕರಿಗೆರೆ, ತೇವ. ವೇಗವೂ ಒಂದು ಕಾರಣ. ಎರಡು ಸುತ್ತಿಗೊಂದು ಕಿಡಿ ಅಂದರೂ 7200 ಆರ್‌ಪಿಎಂನಲ್ಲಿ ಒಂದು ಪ್ಲಗ್ ಸೆಕೆಂಡಿಗೆ 60 ಸಲ ಕಿಡಿ ಹಾರಿಸಬೇಕು. ಆರು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದರೆ ಅದಕ್ಕೆ 360 ಸಲ. ಒಂದು ಕಿಡಿಯಿಂದ ಇನ್ನೊಂದಕ್ಕೆ 3 ಮಿಲಿಸೆಕೆಂಡೂ ಸಿಗುವುದಿಲ್ಲ. ಬ್ಯಾಟರಿ ವೋಲ್ಟೇಜ್ ಇಳಿದಿದ್ದರೆ ಅಷ್ಟರಲ್ಲಿ ಕಾಯಿಲ್ ತುಂಬುವುದಿಲ್ಲ. ಕತ್ತಲಲ್ಲಿ ಎಂಜಿನ್ ಓಡಿಸಿ, ವೈರುಗಳ ಮೇಲೆ ಸಣ್ಣಗೆ ನೀರು ಚಿಮುಕಿಸಿದರೆ ಸೋರುವ ಕರೆಂಟು ನೀಲಿ ಗೆರೆಯಾಗಿ ಕಾಣುತ್ತದೆ.

ಇಂಥ 911 ಎಂಜಿನ್‌ನಲ್ಲಿ ನಾನು ಮೊದಲು ನೋಡುವುದು ಕೆಳಗಿನ ಆರು ಪ್ಲಗ್. ಸಿಲಿಂಡರುಗಳು ಅಡ್ಡ ಮಲಗಿರುವುದರಿಂದ ಒಂದು ಪ್ಲಗ್ ಮೇಲೆ, ಒಂದು ಕೆಳಗೆ. ಕೆಳಗಿನದಕ್ಕೆ ಕಾರಿನಡಿಯಿಂದ ಕೈ ಹಾಕಬೇಕು. ಪಕ್ಕದಲ್ಲೇ ಎಕ್ಸಾಸ್ಟ್ ಪೈಪಿನ ಬಿಸಿ, ಮೇಲಿನಿಂದ ಇಳಿಯುವ ಆಯಿಲ್. ಕೈಗೆ ಎಟುಕುವುದಿಲ್ಲ ಅಂತ ಬಿಟ್ಟುಬಿಡುವ ಜಾಗವೇ ಬೇಗ ಕೆಡುತ್ತದೆ. ಇನ್ನೊಂದು ಅನುಮಾನ ವೈರುಗಳ ಗುಂಪಿನ ಮೇಲೆ. ಆರು ಸಿಲಿಂಡರಿಗೆ ಹನ್ನೆರಡು ಪ್ಲಗ್ ವೈರು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-6-2-4-3-5. ಒಂದರ ಹಿಂದೊಂದು ಉರಿಯುವ ಸಿಲಿಂಡರುಗಳ ವೈರುಗಳನ್ನು ಉದ್ದಕ್ಕೂ ಒತ್ತಾಗಿ ಕಟ್ಟಿದರೆ ಒಂದರ ಕಿಡಿ ಇನ್ನೊಂದಕ್ಕೆ ಜಿಗಿಯಬಹುದು. ವೈರ್ ಹೊಸದಾದರೂ ಮಿಸ್ಸಿಂಗ್ ಹೋಗದಿದ್ದರೆ ಅವನ್ನು ಬಿಡಿಸಿ ದೂರ ಇಟ್ಟು ನೋಡಿ.

1989ರಲ್ಲಿ ಬಂದ 964 ಮಾದರಿಯ 911 ರಸ್ತೆಯ ಕಾರು. ಅದರ 3.6 ಲೀಟರ್ ಎಂಜಿನ್‌ಗೂ ಹನ್ನೆರಡು ಪ್ಲಗ್, ಅಕ್ಕಪಕ್ಕ ಎರಡು ಡಿಸ್ಟ್ರಿಬ್ಯೂಟರ್. ಮೊದಲನೆಯದು ಒಂದು ಪುಟ್ಟ ಹಲ್ಲಿನ ಬೆಲ್ಟಿನಿಂದ ಎರಡನೆಯದನ್ನು ತಿರುಗಿಸುತ್ತದೆ. ಬೆಲ್ಟ್ ಕಡಿದರೆ ಎರಡನೆಯದರ ರೋಟರ್ (ಒಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು) ನಿಂತುಬಿಡುತ್ತದೆ, ಕಿಡಿ ನಿಲ್ಲುವುದಿಲ್ಲ. ಅಷ್ಟೂ ಕಿಡಿ ರೋಟರ್ ಮುಖ ಮಾಡಿದ ಒಂದೇ ಸಿಲಿಂಡರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತದೆ. ಉಳಿದ ಐದು ಒಂದೊಂದೇ ಪ್ಲಗ್‌ನಲ್ಲಿ ಓಡುತ್ತವೆ. ಡ್ರೈವರಿಗೆ ಸುಳಿವು ಸಿಗದೆ ಪಿಸ್ಟನ್ನೇ ಹಾಳಾಗಬಹುದು. ಮುಚ್ಚಿದ ಕ್ಯಾಪಿನೊಳಗೆ ಕಿಡಿಯಿಂದ ಹುಟ್ಟುವ ಓಝೋನ್ ಬೆಲ್ಟಿನ ರಬ್ಬರನ್ನು ತಿನ್ನುತ್ತದೆ. ಆಮೇಲೆ ಒಳಗೆ ಗಾಳಿಯಾಡಲು ಒಂದು ಕೊಳವೆ ಸೇರಿಸಿದ್ದು ಅದಕ್ಕೇ.